ಸ್ಯಾಮ್ ಕುಕ್: ಮುಹಮ್ಮದ್ ಅಲಿಯ ಗೆಳೆಯ, ಸೋಲ್ ಸಂಗೀತದ ಮೊದಲ ದನಿ

1964ರ ಫೆಬ್ರವರಿ 25ರ ರಾತ್ರಿ ಅಮೆರಿಕದ ಮಯಾಮಿ ಬೀಚಿನಲ್ಲಿ ಕ್ಯಾಷಿಯಸ್ ಕ್ಲೇ ಎಂಬ 22 ವರ್ಷದ ಯುವಕ ಸಾನಿ ಲಿಸ್ಟನ್‌ನನ್ನು ಸೋಲಿಸಿ ಹೆವಿವೇಟ್ ಬಾಕ್ಸಿಂಗಿನ ವಿಶ್ವ ಚಾಂಪಿಯನ್ ಆದ. ಕೆಲವೇ ದಿನಗಳಲ್ಲಿ ಆ ಯುವಕನ ಹೆಸರು ಮುಹಮ್ಮದ್ ಅಲಿ ಎಂದಾಯಿತು. ಇಷ್ಟು ಕತೆ ನಮ್ಮ ಕಾಲೇಜಿನ ಯಾವ ವಿದ್ಯಾರ್ಥಿಯನ್ನು ಕೇಳಿದರೂ ಹೇಳುತ್ತಾನೆ. ನಾನು ಹೇಳಬೇಕೆಂದಿರುವುದು ಆ ಗದ್ದಲದಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು. ರಿಂಗಿನ ಒಳಗೆ ಜನ ನುಗ್ಗಿದ್ದರು, ಮೈಕುಗಳು ಮುಖಕ್ಕೆ ಮುತ್ತಿದ್ದವು. ಗೆದ್ದ ಹುಡುಗನ ಕಣ್ಣು ಮಾತ್ರ ಜನರ ನಡುವೆ ಯಾರನ್ನೋ ಹುಡುಕುತ್ತಿತ್ತು. ಸಿಕ್ಕ ಕೂಡಲೇ ಅವನನ್ನು ಮೇಲಕ್ಕೆ ಕರೆಸಿ, ಕ್ಯಾಮೆರಾ ಎದುರು ನಿಲ್ಲಿಸಿ, ಜಗತ್ತಿನಲ್ಲೇ ಅತಿ ದೊಡ್ಡ ರಾಕ್ ಗಾಯಕ ಇವನೇ ಎಂದು ಸಾರಿದ. ತನ್ನ ಜೀವನದ ಅತಿ ದೊಡ್ಡ ರಾತ್ರಿಯಲ್ಲಿ, ತನ್ನನ್ನು ಬಿಟ್ಟು ಇನ್ನೊಬ್ಬನನ್ನು ದೊಡ್ಡವನೆಂದು ಅಲಿ ಹೊಗಳಿದ್ದು ಅಪರೂಪವೇ ಸರಿ!

ಹಾಗೆ ಕರೆಸಿಕೊಂಡವನು ಸ್ಯಾಮ್ ಕುಕ್. ಅಲಿಯ ಬಗ್ಗೆ ಓದುತ್ತ ಓದುತ್ತ ನಾನು ಈ ಹೆಸರಿಗೆ ಬಂದವನು. ಆಮೇಲೆ ಆತನ ಹಾಡು ಕೇಳಿದೆ, ಆತನ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಇತಿಹಾಸದ ತರಗತಿಯಲ್ಲಿ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಮಾತು ಬಂದಾಗಲೆಲ್ಲ ಈ ಮನುಷ್ಯನನ್ನು ಎಳೆದು ತರುತ್ತೇನೆ ಎಂದು ನನ್ನ ವಿದ್ಯಾರ್ಥಿಗಳು ನಗುವುದುಂಟು. ಈ ಬರಹದಲ್ಲಿ ಸ್ಯಾಮ್‌ನನ್ನು ಏಕವಚನದಲ್ಲೇ ಕರೆಯುತ್ತೇನೆ. ಅದು ಅಗೌರವವಲ್ಲ, ಸಲುಗೆ. 33 ವರ್ಷಕ್ಕೇ ತೀರಿಕೊಂಡವನು. ಈಗ ನನಗಿಂತ ಕಿರಿಯ.

ಸ್ಯಾಮ್ ಹುಟ್ಟಿದ್ದು 1931ರ ಜನವರಿ 22ರಂದು, ಮಿಸಿಸಿಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಎಂಬ ಊರಿನಲ್ಲಿ. ಎಂಟು ಮಕ್ಕಳಲ್ಲಿ ಐದನೆಯವನು. ತಂದೆ ಚಾರ್ಲ್ಸ್ ಕುಕ್ ಪಾದ್ರಿ. ಸುತ್ತ ಹತ್ತಿಯ ಹೊಲಗಳು. ಗುಲಾಮಗಿರಿ ಕಾನೂನಿನಲ್ಲಿ ಮುಗಿದು ಅರವತ್ತು ವರ್ಷ ದಾಟಿದ್ದರೂ ಆ ಹೊಲಗಳಲ್ಲಿ ದುಡಿಯುವವರು ಕಪ್ಪು ಜನ, ಒಡೆಯರು ಬಿಳಿಯರು. ಬಸ್ಸು, ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿ, ಎಲ್ಲವೂ ಬೇರೆ ಬೇರೆ. ಆ ದಿನಗಳಲ್ಲಿ ದಕ್ಷಿಣದ ಲಕ್ಷಾಂತರ ಕಪ್ಪು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಉತ್ತರದ ಕೈಗಾರಿಕಾ ನಗರಗಳಿಗೆ ಹೊರಟವು. ಕುಕ್ ಕುಟುಂಬವೂ 1933ರಲ್ಲಿ ಶಿಕಾಗೋ ಸೇರಿತು.

ಇಲ್ಲೊಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಗುಲಾಮರಾಗಿ ಅಮೆರಿಕಕ್ಕೆ ಸಾಗಿಸಲ್ಪಟ್ಟ ಪಶ್ಚಿಮ ಆಫ್ರಿಕದ ಜನರಲ್ಲಿ ಬಹಳಷ್ಟು ಮಂದಿ ಮುಸ್ಲಿಮರಿದ್ದರು. ಮಿಸಿಸಿಪಿಯ ಕೂಲಿಗಳು ಕೆಲಸದ ನಡುವೆ ಒಬ್ಬಂಟಿಯಾಗಿ ದನಿ ಎಳೆದು ಹಾಡುತ್ತಿದ್ದ ಕೂಗು ಹಾಡುಗಳಲ್ಲಿ ಅಜಾನಿನ ಏರಿಳಿತದ ನೆರಳಿದೆ ಎಂದು ಸಿಲ್ವಿಯಾನ್ ದಿಯೂಫ್ ಎಂಬ ಇತಿಹಾಸಕಾರ್ತಿ ವಾದಿಸಿದ್ದಾರೆ. ಇದೊಂದು ವಾದ, ಸಾಬೀತಾದ ಸತ್ಯವೆಂದು ನಾನು ಪಾಠ ಮಾಡಲಾರೆ. ಆದರೆ ಒಂದೇ ಸ್ವರಾಕ್ಷರವನ್ನು ಹಿಡಿದು ಹತ್ತು ಕಡೆ ಹೊರಳಿಸುವ ಆ ಕ್ರಮ ಕೂಗು ಹಾಡುಗಳಿಂದ ಕಪ್ಪು ಜನರ ಚರ್ಚುಗಳಲ್ಲೂ ಹಾಡುಗಾರಿಕೆಯಲ್ಲೂ ಉಳಿದು ಬಂತು ಎಂಬುದರಲ್ಲಿ ಅನುಮಾನವಿಲ್ಲ. ಸ್ಯಾಮ್ ಬೆಳೆದದ್ದು ಆ ದನಿಗಳ ನಡುವೆ.

ಅಪ್ಪ ಪಾದ್ರಿಯಾದ್ದರಿಂದ ಮಕ್ಕಳಿಗೆಲ್ಲ ಹಾಡು ಕಡ್ಡಾಯ. ಅಣ್ಣ ತಮ್ಮ ಅಕ್ಕಂದಿರು ಸೇರಿ 'ಸಿಂಗಿಂಗ್ ಚಿಲ್ಡ್ರನ್' ಎಂಬ ಗುಂಪು ಮಾಡಿಕೊಂಡು ಚರ್ಚುಗಳಲ್ಲಿ ಹಾಡುತ್ತಿದ್ದರು. ಐಸ್ ಕ್ಯಾಂಡಿ ತಿಂದು ಬಿಸಾಕಿದ ಕಡ್ಡಿಗಳನ್ನು ಸಾಲಾಗಿ ನೆಲದಲ್ಲಿ ನೆಟ್ಟು, ಅವೇ ಶ್ರೋತೃಗಳೆಂದು ತಿಳಿದು ಬಾಲಕ ಸ್ಯಾಮ್ ಹಾಡು ಅಭ್ಯಾಸ ಮಾಡುತ್ತಿದ್ದನಂತೆ, ತಮ್ಮ ಎಲ್.ಸಿ. ಇದನ್ನು ಎಷ್ಟೋ ವರ್ಷಗಳ ನಂತರ ನೆನಪಿಸಿಕೊಂಡಿದ್ದಾನೆ. ಓದಿದ್ದು ವೆಂಡೆಲ್ ಫಿಲಿಪ್ಸ್ ಹೈಸ್ಕೂಲಿನಲ್ಲಿ. ಹೆಸರಾಂತ ಗಾಯಕ ನ್ಯಾಟ್ ಕಿಂಗ್ ಕೋಲ್ ಕೂಡ ಅದಕ್ಕೂ ಮೊದಲು ಅಲ್ಲೇ ಓದಿದವನು. ನಿಮ್ಮ ವಯಸ್ಸಿನಲ್ಲಿ ಸ್ಯಾಮ್ 'ಹೈವೇ ಕ್ಯೂಸೀಸ್' ಎಂಬ ಹುಡುಗರ ಭಕ್ತಿಗೀತೆ ತಂಡದ ಮುಖ್ಯ ಗಾಯಕನಾಗಿದ್ದ.

1950ರ ಕೊನೆಯಲ್ಲಿ, ಇನ್ನೂ 19 ವರ್ಷದವನಿದ್ದಾಗ, 'ಸೋಲ್ ಸ್ಟಿರರ್ಸ್' ತಂಡದಿಂದ ಕರೆ ಬಂತು. ಅದು ಸಣ್ಣ ಮಾತಲ್ಲ. ಕಪ್ಪು ಜನರ ಭಕ್ತಿ ಸಂಗೀತದಲ್ಲಿ, ಅಂದರೆ ಗಾಸ್ಪೆಲ್‌ನಲ್ಲಿ, ಆ ತಂಡದ್ದು ದೊಡ್ಡ ಹೆಸರು. ಅದರ ಮುಖ್ಯ ಗಾಯಕ ಆರ್. ಎಚ್. ಹ್ಯಾರಿಸ್ ಅಂದಿನ ದಿಗ್ಗಜ. ಹ್ಯಾರಿಸ್ ತಂಡ ಬಿಟ್ಟಾಗ ಆ ಜಾಗದಲ್ಲಿ ಈ ಹುಡುಗನನ್ನು ನಿಲ್ಲಿಸಿದರು. ಹ್ಯಾರಿಸ್‌ನ ಮೇಲಿನ ಸ್ವರಗಳನ್ನು ಮುಟ್ಟಲು ಹೋಗಿ ಸ್ಯಾಮ್ ಮೊದಮೊದಲು ಒದ್ದಾಡಿದ. ಒಮ್ಮೆ ಹಾಡುತ್ತಿದ್ದಾಗ ದನಿ ಅಲ್ಲಿಗೆ ಏರದೆಂದು ತಿಳಿದು, ಸ್ವರದ ಕೆಳಗಿನಿಂದಲೇ ತೇಲಿಸಿ, ಒಂದು ಸಣ್ಣ ಹೊರಳು ಕೊಟ್ಟು ಇಳಿಸಿಬಿಟ್ಟನಂತೆ. ನಮ್ಮ ಹಿಂದೂಸ್ತಾನಿ ಗಾಯಕರ ಮುರ್ಕಿಯನ್ನು ನೆನಪಿಸುವ ಆ ಹೊರಳೇ ಮುಂದೆ ಆತನ ಗುರುತಾಯಿತು. ಇಲ್ಲದ್ದನ್ನು ಮುಚ್ಚಲು ಹೂಡಿದ ಉಪಾಯ ಆತನ ಅತಿ ದೊಡ್ಡ ಆಸ್ತಿಯಾದದ್ದು ನನಗೆ ಯಾವತ್ತೂ ಬೆರಗು.

ಆರು ವರ್ಷ ಸ್ಯಾಮ್ ಆ ತಂಡದ ಜೊತೆ ಊರೂರು ತಿರುಗಿದ. ರಾತ್ರಿ ಹಾಡು, ಹಗಲು ಕಾರಿನಲ್ಲಿ ಪ್ರಯಾಣ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಹೋಟೆಲಿನಲ್ಲಿ ಊಟವಿಲ್ಲ, ಲಾಡ್ಜಿನಲ್ಲಿ ಹಾಸಿಗೆಯಿಲ್ಲ. ಯಾರದೋ ಮನೆಯಲ್ಲಿ ತಂಗಬೇಕು, ಇಲ್ಲವೆ ಕಾರಿನಲ್ಲೇ ಮಲಗಬೇಕು. ಹಾಡುಗಳನ್ನು ಸ್ವತಃ ಬರೆಯುತ್ತಿದ್ದ. ಒಮ್ಮೆ ಧ್ವನಿಮುದ್ರಣಕ್ಕೆ ಹೋಗುವ ದಾರಿಯಲ್ಲಿ ಹೊಸ ಹಾಡು ಬೇಕೆಂದಾಗ ಬೈಬಲ್ ತೆರೆದು, ಯೇಸುವಿನ (ನಾವು ಹಜರತ್ ಈಸಾ ಎನ್ನುವ) ಅಂಗಿಯ ಅಂಚು ಮುಟ್ಟಿ ಗುಣವಾದ ಕಾಯಿಲೆಯ ಹೆಂಗಸಿನ ಪ್ರಸಂಗವನ್ನು ಹಿಡಿದು, ಕಾರಿನಲ್ಲೇ ಹಾಡು ಕಟ್ಟಿದನೆಂದು ಜೊತೆಗಿದ್ದವರು ಹೇಳುತ್ತಾರೆ. 1956ರ ಆ ಹಾಡು ಈಗಲೂ ಗಾಸ್ಪೆಲ್‌ನ ಮೇರು ಹಾಡುಗಳಲ್ಲೊಂದು. ಚರ್ಚಿನಲ್ಲಿ ಹಿರಿಯರು ಕಣ್ಣೀರು ಹಾಕುತ್ತಿದ್ದರು. ಜೊತೆಗೆ ಹದಿಹರೆಯದ ಮಕ್ಕಳು ಮುಂದಿನ ಸಾಲಿಗೆ ನುಗ್ಗುತ್ತಿದ್ದರು. ಭಕ್ತಿಗೀತೆಯ ಸಭೆಯಲ್ಲಿ ಅದು ಹೊಸತು.

ಇಲ್ಲಿಂದ ಕತೆ ಕವಲೊಡೆಯುತ್ತದೆ. ಹಾಡುವುದು ಸರಿಯೇ ತಪ್ಪೇ, ಯಾವ ಹಾಡು ಸರಿ, ಯಾವುದು ತಪ್ಪು ಎಂಬ ಚರ್ಚೆ ನಮ್ಮ ಮನೆಗಳಲ್ಲಿ ನಡೆಯುವುದು ನಿಮಗೆ ಗೊತ್ತು. ಆತನ ಸಮಾಜದಲ್ಲೂ ಅದು ಹಾಗೆಯೇ ಇತ್ತು, ಬಹುಶಃ ಇನ್ನೂ ಕಟುವಾಗಿತ್ತು. ದೇವರಿಗಾಗಿ ಹಾಡುವವನು ಹಣಕ್ಕಾಗಿ ಪ್ರೇಮಗೀತೆ ಹಾಡಿದರೆ ಅದು ದ್ರೋಹ. ಚರ್ಚಿನ ಜನ ಮತ್ತೆ ಹತ್ತಿರ ಸೇರಿಸರು. 1956ರ ಕೊನೆಗೆ ಸ್ಯಾಮ್ ತನ್ನದೇ ಒಂದು ಭಕ್ತಿಗೀತೆಯ ಮಾತು ಬದಲಿಸಿ, ದೇವರ ಜಾಗದಲ್ಲಿ ಹುಡುಗಿಯನ್ನಿಟ್ಟು, ಡೇಲ್ ಕುಕ್ ಎಂಬ ಸುಳ್ಳು ಹೆಸರಿನಲ್ಲಿ ಹಾಡಿದ. ಹೆಸರು ಬದಲಾದರೇನು, ಆ ಹೊರಳು ಬದಲಾಗಬೇಕಲ್ಲ! ಕೇಳಿದವರೆಲ್ಲ ಗುರುತು ಹಿಡಿದರು. ಇನ್ನು ಮುಚ್ಚುಮರೆ ಸಾಧ್ಯವಿರಲಿಲ್ಲ. 1957ರಲ್ಲಿ ತಂಡ ಬಿಟ್ಟ. ಪಾದ್ರಿಯಾದ ತಂದೆ ತಡೆಯಲಿಲ್ಲ, ಹರಸಿಯೇ ಕಳಿಸಿದರು. ಆ ಅಪ್ಪನ ಬಗ್ಗೆ ಯಾರಾದರೂ ಇನ್ನಷ್ಟು ಬರೆಯಬೇಕಿತ್ತು ಎಂದು ನನಗೆ ಅನಿಸುತ್ತದೆ.

ಅದೇ ವರ್ಷ ಹೆಸರಿನ ಕೊನೆಗೆ 'ಇ' ಎಂಬ ಒಂದು ಇಂಗ್ಲಿಷ್ ಅಕ್ಷರ ಸೇರಿಸಿಕೊಂಡು, 'ಯೂ ಸೆಂಡ್ ಮಿ' ಎಂಬ ಪ್ರೇಮಗೀತೆ ಹಾಡಿದ. ಆ ಧ್ವನಿಮುದ್ರಣದ ಹಿಂದೆಯೂ ಒಂದು ಜಗಳವಿದೆ. ಹಳೆಯ ಕಂಪನಿಯ ಮಾಲೀಕ ಆರ್ಟ್ ರೂಪ್‌ಗೆ ಹಿನ್ನೆಲೆಯಲ್ಲಿದ್ದ ಬಿಳಿಯರ ಕೋರಸ್ ಹಿಡಿಸಲಿಲ್ಲ. ಸಂಗೀತ ನಿರ್ಮಾಪಕ ಬಂಪ್ಸ್ ಬ್ಲ್ಯಾಕ್‌ವೆಲ್ ತನಗೆ ಬರಬೇಕಿದ್ದ ಹಣವನ್ನು ಬಿಟ್ಟುಕೊಟ್ಟು, ಆ ಹಾಡನ್ನೂ ಸ್ಯಾಮ್‌ನನ್ನೂ ಕರೆದುಕೊಂಡು ಹೊರಬಂದ. ಕೀನ್ ಎಂಬ ಹೊಸ, ಪುಟ್ಟ ಕಂಪನಿ ಅದನ್ನು ಹೊರತಂದಿತು. ಹಾಡು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಪ್ಪು ಕೇಳುಗರ ಪಟ್ಟಿಯಲ್ಲೂ ಅದೇ, ಬಿಳಿಯರ ಪಟ್ಟಿಯಲ್ಲೂ ಅದೇ. ಹತ್ತು ಲಕ್ಷಕ್ಕೂ ಹೆಚ್ಚು ತಟ್ಟೆಗಳು ಮಾರಾಟವಾದವು.

ಸೋಲ್ ಸಂಗೀತ ಎಂದರೆ ಇದೇ. ಸೋಲ್ ಎಂದ ಕೂಡಲೇ ಕನ್ನಡದ ಸೋಲು ನೆನಪಾಗಿ ಹಿಂದಿನ ಬೆಂಚಿನವರು ನಗುತ್ತಾರೆ. ಅದರ ಅರ್ಥ ಆತ್ಮ, ನಮ್ಮ ರೂಹ್. ಗಾಸ್ಪೆಲ್‌ನ ಆರ್ತ ದನಿಯನ್ನು ಲೋಕದ ಸುಖದುಃಖದ ಮಾತಿಗೆ ತೊಡಿಸಿದರೆ ಹುಟ್ಟುವ ಸಂಗೀತ ಅದು. ರೇ ಚಾರ್ಲ್ಸ್ ಅದೇ ಹೊತ್ತಿಗೆ ಅದೇ ಹಾದಿಯಲ್ಲಿದ್ದ. ಆದರೆ ಚರ್ಚಿನ ಒಳಗಿನಿಂದಲೇ ದೊಡ್ಡ ತಾರೆಯಾಗಿ ಬೆಳೆದು, ಆ ಹೊಸ್ತಿಲು ದಾಟಿ, ಹಿಂದೆ ಬರುವವರಿಗೆ ಬಾಗಿಲು ತೆರೆದಿಟ್ಟವನು ಸ್ಯಾಮ್. ಪಾದ್ರಿಯ ಮಗಳಾದ ಅರೀಥಾ ಫ್ರ್ಯಾಂಕ್ಲಿನ್‌ಗೆ ತಾನೂ ದಾಟಬಹುದೆಂಬ ಧೈರ್ಯ ಬಂದದ್ದು ಆತನನ್ನು ನೋಡಿ.

ಮುಂದಿನ ಏಳು ವರ್ಷಗಳ ಗೆಲುವಿನ ಪಟ್ಟಿಯನ್ನು ಬೇಗ ದಾಟಿಬಿಡುತ್ತೇನೆ. 1960ರಲ್ಲಿ ದೊಡ್ಡ ಕಂಪನಿಯಾದ ಆರ್‌ಸಿಎ ವಿಕ್ಟರ್ ಸೇರಿದ. 'ವಂಡರ್‌ಫುಲ್ ವರ್ಲ್ಡ್', 'ಕ್ಯುಪಿಡ್', 'ಟ್ವಿಸ್ಟಿನ್ ದ ನೈಟ್ ಅವೇ', 'ಬ್ರಿಂಗ್ ಇಟ್ ಆನ್ ಹೋಮ್ ಟು ಮಿ' ಹೀಗೆ ಒಂದರ ಮೇಲೊಂದು ಹಾಡು ಜನರ ಬಾಯಿಗೆ ಬಂತು. ದಾರಿಯಲ್ಲಿ ಸರಪಳಿ ಬಿಗಿಸಿಕೊಂಡು ರಸ್ತೆ ಕೆಲಸ ಮಾಡುತ್ತಿದ್ದ ಕೈದಿಗಳನ್ನು ಕಂಡು ಬರೆದ 'ಚೈನ್ ಗ್ಯಾಂಗ್' ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು. ಕುಣಿಯುವಂಥ ತಾಳ, ಒಳಗೆ ಕೈದಿಗಳ ನಿಟ್ಟುಸಿರು. ಕುಣಿದವರಲ್ಲಿ ಎಷ್ಟು ಮಂದಿ ಆ ನಿಟ್ಟುಸಿರನ್ನು ಕೇಳಿದರೋ!

ಕಾಮರ್ಸ್ ವಿದ್ಯಾರ್ಥಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಹಾಡಿನಲ್ಲಿ ಹಣ ಬರುವುದು ಹಾಡಿದ್ದಕ್ಕೆ ಮಾತ್ರವಲ್ಲ. ಹಾಡು ಬರೆದವನಿಗೆ ಒಂದು ಪಾಲು, ಅದರ ಪ್ರಕಾಶನ ಹಕ್ಕು ಹೊಂದಿದವನಿಗೆ ಒಂದು ಪಾಲು, ಧ್ವನಿಮುದ್ರಣದ ಒಡೆಯನಿಗೆ ಇನ್ನೊಂದು. ಆ ಕಾಲದ ಕಪ್ಪು ಗಾಯಕರಲ್ಲಿ ಹೆಚ್ಚಿನವರು ಕೈಗೆ ಬಂದಷ್ಟು ನಗದು ಹಣಕ್ಕೆ, ಒಂದು ಕಾರಿಗೆ, ಉಳಿದೆಲ್ಲ ಹಕ್ಕುಗಳನ್ನೂ ಬರೆದುಕೊಟ್ಟು ಮುದುಕರಾದಾಗ ಬರಿಗೈಯಲ್ಲಿ ಉಳಿದರು. ಸ್ಯಾಮ್ ಇದನ್ನು ಬೇಗ ಅರ್ಥ ಮಾಡಿಕೊಂಡ. ಹಿರಿಯ ಗಾಸ್ಪೆಲ್ ಗಾಯಕ ಜೆ. ಡಬ್ಲ್ಯೂ. ಅಲೆಕ್ಸಾಂಡರ್ ಜೊತೆ ಸೇರಿ ಕ್ಯಾಗ್ಸ್ ಎಂಬ ಪ್ರಕಾಶನ ಸಂಸ್ಥೆಯನ್ನೂ, ಎಸ್‌ಎಆರ್ ಎಂಬ ಸ್ವಂತ ರೆಕಾರ್ಡ್ ಕಂಪನಿಯನ್ನೂ ಕಟ್ಟಿದ. ಹಳೆಯ ಸೋಲ್ ಸ್ಟಿರರ್ಸ್ ತಂಡಕ್ಕೆ, ತನ್ನ ಜಾಗಕ್ಕೆ ಬಂದಿದ್ದ ಜಾನಿ ಟೇಲರ್‌ಗೆ, ವೊಮ್ಯಾಕ್ ಸಹೋದರರಿಗೆ ಅಲ್ಲಿ ಅವಕಾಶ ಕೊಟ್ಟ. ಆ ಸಹೋದರರಲ್ಲಿ ಬಾಬಿ ಎಂಬ ಹುಡುಗ ಬರೆದ ಒಂದು ಹಾಡನ್ನು ಇಂಗ್ಲೆಂಡಿನ ರೋಲಿಂಗ್ ಸ್ಟೋನ್ಸ್ 1964ರಲ್ಲಿ ಹಾಡಿ, ತಮ್ಮ ದೇಶದಲ್ಲಿ ಮೊದಲ ಬಾರಿಗೆ ಒಂದನೇ ಸ್ಥಾನ ಪಡೆದರು. ಅದಕ್ಕೂ ಮೊದಲು ಅದನ್ನು ಹೊರತಂದದ್ದು ಸ್ಯಾಮ್‌ನ ಪುಟ್ಟ ಕಂಪನಿ. ಕಪ್ಪು ಮನುಷ್ಯನೊಬ್ಬ ಹಾಡುಗಾರನಷ್ಟೇ ಅಲ್ಲ, ಒಡೆಯನೂ ಆಗಬಹುದು ಎಂದು ತೋರಿಸಿದ್ದು ಆತನ ಹಾಡುಗಳಷ್ಟೇ ದೊಡ್ಡ ಕೆಲಸವೆಂದು ನನ್ನ ಅಭಿಪ್ರಾಯ. ಆತನ ಸಾವಿನ ನಂತರ ಆ ಹಕ್ಕುಗಳು ವ್ಯವಹಾರ ನೋಡಿಕೊಳ್ಳುತ್ತಿದ್ದ ಅಲೆನ್ ಕ್ಲೈನ್ ಕಂಪನಿಯ ಕೈ ಸೇರಿದ್ದು ಬೇರೆ ಕತೆ.

ಆತನಿಗೆ ಎರಡು ದನಿಗಳಿದ್ದವು. 1963ರ ಜನವರಿಯಲ್ಲಿ ಮಯಾಮಿಯ ಕಪ್ಪು ಜನರ ಬಡಾವಣೆಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ ಹಾಡಿದ ಧ್ವನಿಮುದ್ರಣವಿದೆ. ಗಂಟಲು ಒರಟು, ಬೆವರಿನ ವಾಸನೆ ಬರುವಂಥ ಹಾಡುಗಾರಿಕೆ, ಜನ ಪ್ರತಿ ಸಾಲಿಗೂ ಕೂಗಿ ಉತ್ತರಿಸುತ್ತಾರೆ. ಬಿಳಿಯ ಕೇಳುಗರು ಬೆದರಿಯಾರೆಂದು ಕಂಪನಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿತು, ಹೊರಬಂದದ್ದು 1985ರಲ್ಲಿ. ಮರುವರ್ಷ ನ್ಯೂಯಾರ್ಕಿನ ಕೋಪಕಬಾನಾ ಕ್ಲಬ್ಬಿನಲ್ಲಿ ಶ್ರೀಮಂತ ಬಿಳಿಯರೆದುರು ಹಾಡಿದ್ದೂ ಇದೆ. ಅಲ್ಲಿ ಇಸ್ತ್ರಿ ಮಾಡಿದ ಅಂಗಿಯಂಥ ದನಿ. 1958ರಲ್ಲಿ ಅದೇ ಕ್ಲಬ್ಬಿನಲ್ಲಿ ಸೋತಿದ್ದವನು ಈ ಬಾರಿ ಗೆದ್ದು ಬಂದ. ಎರಡರಲ್ಲಿ ಯಾವುದು ನಿಜವಾದ ಸ್ಯಾಮ್ ಎಂದು ವಿಮರ್ಶಕರು ಜಗಳವಾಡುತ್ತಾರೆ. ಮನೆಯಲ್ಲಿ ಒಂದು ಭಾಷೆ, ಕ್ಲಾಸಿನಲ್ಲಿ ಒಂದು, ಇಂಟರ್‌ವ್ಯೂನಲ್ಲಿ ಇನ್ನೊಂದು ಆಡಿ ಬೆಳೆಯುವ ನಮ್ಮ ಮಕ್ಕಳಿಗೆ ಈ ಪ್ರಶ್ನೆಯ ಉತ್ತರ ವಿಮರ್ಶಕರಿಗಿಂತ ಚೆನ್ನಾಗಿ ಗೊತ್ತು.

ಬಿಳಿಯರನ್ನು ಒಲಿಸಿಕೊಳ್ಳಲು ಎಲ್ಲೆಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂಬ ಲೆಕ್ಕ ಆತನಿಗೆ ಸ್ಪಷ್ಟವಾಗಿತ್ತು. ಆ ಕಾಲದ ಕಪ್ಪು ಗಾಯಕರು ಗುಂಗುರು ಕೂದಲನ್ನು ಸುಡುವ ರಸಾಯನ ಹಚ್ಚಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಆ ಹಿಂಸೆಯನ್ನು ಮಾಲ್ಕಮ್ ಎಕ್ಸ್ ಅವರ ಆತ್ಮಕಥೆಯಲ್ಲಿ ಓದಬಹುದು. ಸ್ಯಾಮ್ ಅದನ್ನು ಬಿಟ್ಟು ಹುಟ್ಟುಗೂದಲಿನಲ್ಲೇ ವೇದಿಕೆ ಹತ್ತಿದ. 1961ರಲ್ಲಿ ಮೆಂಫಿಸ್ ನಗರದಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುತ್ತಾರೆಂದು ತಿಳಿದಾಗ ಆತನೂ ಕ್ಲೈಡ್ ಮೆಕ್‌ಫ್ಯಾಟರ್ ಎಂಬ ಗಾಯಕನೂ ಹಾಡುವುದಿಲ್ಲವೆಂದು ಕೂತುಬಿಟ್ಟರು. ಹಣ ಹೋಯಿತು, ಮಾತು ಉಳಿಯಿತು.

1963 ಆತನ ಬಾಳಿನ ಕಷ್ಟದ ವರ್ಷ. ಜೂನ್‌ನಲ್ಲಿ, ಒಂದೂವರೆ ವರ್ಷದ ಮಗ ವಿನ್ಸೆಂಟ್ ಮನೆಯ ಈಜುಕೊಳದಲ್ಲಿ ಬಿದ್ದು ತೀರಿಕೊಂಡ. ಆಗಸ್ಟಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ವಾಷಿಂಗ್ಟನ್ ಮೆರವಣಿಗೆ ನಡೆಯಿತು. ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಚರ್ಚಿಗೆ ಬಾಂಬ್ ಇಟ್ಟು ನಾಲ್ವರು ಹೆಣ್ಣುಮಕ್ಕಳನ್ನು ಕೊಂದರು. ಅಕ್ಟೋಬರ್ 8ರಂದು ಸ್ಯಾಮ್, ಹೆಂಡತಿ ಬಾರ್ಬರಾ ಮತ್ತು ಜೊತೆಗಾರರು ಲೂಸಿಯಾನಾ ರಾಜ್ಯದ ಶ್ರೀವ್‌ಪೋರ್ಟ್ ತಲುಪಿದರು. ಅಲ್ಲಿನ ಹೋಟೆಲಿನಲ್ಲಿ ರೂಮುಗಳನ್ನು ಮೊದಲೇ ಕಾದಿರಿಸಿದ್ದರು. ಕೌಂಟರಿನಲ್ಲಿದ್ದವನು ಇವರ ಮುಖ ನೋಡಿದ, ರೂಮ್ ಇಲ್ಲವೆಂದ. ಸ್ಯಾಮ್ ಜಗ್ಗಲಿಲ್ಲ, ಮ್ಯಾನೇಜರನ್ನು ಕರೆಯಿರೆಂದು ಪಟ್ಟು ಹಿಡಿದ. ಕೊಂದುಬಿಟ್ಟಾರು, ಹೋಗೋಣ ಎಂದು ಹೆಂಡತಿ ಬೇಡಿಕೊಂಡಳು. ಕೊನೆಗೆ ಕಾರಿನ ಹಾರ್ನ್ ಬಾರಿಸುತ್ತ, ಕೂಗಾಡುತ್ತ ಅಲ್ಲಿಂದ ಹೊರಟರು. ಊರಿನ ಕಪ್ಪು ಜನರ ಲಾಡ್ಜಿಗೆ ಬಂದಾಗ ಪೊಲೀಸರು ಅಲ್ಲಿ ಕಾಯುತ್ತಿದ್ದರು. ಶಾಂತಿಭಂಗ ಮಾಡಿದ್ದಕ್ಕೆ ಬಂಧನ! ದೇಶದ ತುಂಬ ಹೆಸರಾದ, ಲಕ್ಷಾಂತರ ತಟ್ಟೆ ಮಾರಿದ ಗಾಯಕನಿಗೆ ಕೈಯಲ್ಲಿ ಹಣವಿದ್ದೂ ಒಂದು ರಾತ್ರಿಯ ಹಾಸಿಗೆ ಸಿಗಲಿಲ್ಲ.

ಅದೇ ವರ್ಷ ಬಾಬ್ ಡಿಲನ್ ಎಂಬ ಬಿಳಿಯ ಹುಡುಗ ಬರೆದ ಪ್ರತಿಭಟನೆಯ ಹಾಡೊಂದು ಆತನ ಕಿವಿಗೆ ಬಿದ್ದು ಚುಚ್ಚಿತ್ತು. ಇಂಥ ಹಾಡನ್ನು ಬಿಳಿಯ ಹುಡುಗ ಬರೆದನಲ್ಲ, ತಾನು ಬರೆಯಲಿಲ್ಲವಲ್ಲ ಎಂಬ ಚುಚ್ಚು. ವರ್ಷದ ಕೊನೆಗೆ 'ಎ ಚೇಂಜ್ ಈಸ್ ಗಾನಾ ಕಮ್' ಹುಟ್ಟಿತು. ಬದಲಾವಣೆ ಬಂದೇ ಬರುತ್ತದೆ ಎಂಬುದು ಹೆಸರಿನ ಅರ್ಥ. ಯಾವ ಹಾಡಿಗೂ ಅಷ್ಟು ಸುಲಭವಾಗಿ ಮಾತು ಕೂಡಿಬಂದಿರಲಿಲ್ಲವಂತೆ. ಯಾರೋ ಬರೆಸಿದಂತಾಯಿತೆಂದು ಆಪ್ತರೊಡನೆ ಹೇಳಿಕೊಂಡಿದ್ದ. 1964ರ ಜನವರಿ 30ರಂದು ಹಾಲಿವುಡ್‌ನಲ್ಲಿ ಧ್ವನಿಮುದ್ರಣ ನಡೆಯಿತು. ವಾದ್ಯಗಳನ್ನು ಹೊಂದಿಸಿದವನು ರೆನೆ ಹಾಲ್. ಪಿಟೀಲುಗಳ ಗುಂಪು, ಫ್ರೆಂಚ್ ಹಾರ್ನ್, ಟಿಂಪನಿ ಎಂಬ ಭಾರಿ ನಗಾರಿ, ಎಲ್ಲ ಸೇರಿ ಮೂರು ನಿಮಿಷಕ್ಕೆ ಒಂದು ಸಿನಿಮಾದಷ್ಟು ಹರವು ಬಂತು. ನದಿದಡದ ಹುಟ್ಟಿನಿಂದ ಹಿಡಿದು ಸಿನಿಮಾ ಮಂದಿರದ ಬಾಗಿಲಲ್ಲಿ ತಡೆಸಿಕೊಂಡ ಅವಮಾನದವರೆಗೆ ಅದರಲ್ಲಿದೆ. ನಡುವೆ ಒಂದು ಕಡೆ, ಪರಲೋಕದಲ್ಲಿ ಏನಿದೆಯೋ ಗೊತ್ತಿಲ್ಲ ಎಂಬ ಅಳುಕೂ ಇಣುಕುತ್ತದೆ. ಪಾದ್ರಿಯ ಮಗ ಆ ಅಳುಕನ್ನು ಬಾಯಿಬಿಟ್ಟು ಹಾಡಿದ್ದು ಸಾಮಾನ್ಯ ಧೈರ್ಯವಲ್ಲ. ಹಾಡು ಕೇಳಿದ ಬಾಬಿ ವೊಮ್ಯಾಕ್‌ಗೆ ಅದರಲ್ಲಿ ಸಾವಿನ ನೆರಳು ಕಂಡಿತಂತೆ.

ಫೆಬ್ರವರಿ 7ರಂದು ಸ್ಯಾಮ್ ಅದನ್ನು ಜಾನಿ ಕಾರ್ಸನ್‌ನ ಟಿವಿ ಕಾರ್ಯಕ್ರಮದಲ್ಲಿ ಹಾಡಿದ. ಎರಡೇ ದಿನಕ್ಕೆ ಬೀಟಲ್ಸ್ ಇನ್ನೊಂದು ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು, ದೇಶ ಅದರ ಹುಚ್ಚಿನಲ್ಲಿ ಮುಳುಗಿತು. ಸ್ಯಾಮ್ ಹಾಡಿದ ಟೇಪನ್ನು ಟಿವಿ ಕಂಪನಿ ಉಳಿಸಿಕೊಳ್ಳಲಿಲ್ಲ. ಅಂದು ಟಿವಿ ಮುಂದೆ ಕೂತಿದ್ದವರ ಕಣ್ಣಿಗೆ ಬಿಟ್ಟರೆ ಆ ಹಾಡುಗಾರಿಕೆ ಇನ್ನು ಯಾರಿಗೂ ಸಿಗದು.

ಅದೇ ತಿಂಗಳ 25ಕ್ಕೆ ಮಯಾಮಿ. ಗೆದ್ದ ರಾತ್ರಿ ದೊಡ್ಡ ಪಾರ್ಟಿಗಳಿಗೆ ಹೋಗದೆ ಕ್ಲೇ ಕಪ್ಪು ಜನರ ಬಡಾವಣೆಯ ಹ್ಯಾಂಪ್ಟನ್ ಹೌಸ್ ಎಂಬ ಮೋಟೆಲಿನಲ್ಲಿ ಗೆಳೆಯರ ಜೊತೆ ಐಸ್ ಕ್ರೀಮ್ ತಿನ್ನುತ್ತ ಕಳೆದ. ಜೊತೆಗಿದ್ದವರು ಮಾಲ್ಕಮ್ ಎಕ್ಸ್, ಫುಟ್‌ಬಾಲ್ ಆಟಗಾರ ಜಿಮ್ ಬ್ರೌನ್ ಮತ್ತು ಸ್ಯಾಮ್. ಅಂದು ಏನು ಮಾತಾಡಿಕೊಂಡರೆಂದು ಕಲ್ಪಿಸಿ ಕೆಂಪ್ ಪವರ್ಸ್ ಒಂದು ನಾಟಕ ಬರೆದರು, ಅದು 2020ರಲ್ಲಿ ಸಿನಿಮಾ ಆಯಿತು. ಅದರ ಸಂಭಾಷಣೆಯನ್ನು ಇತಿಹಾಸವೆಂದು ನಂಬಬೇಡಿ. ನಿಜವಾದದ್ದು ಇಷ್ಟು: ಸ್ಯಾಮ್ ಮುಸ್ಲಿಮನಾಗಲಿಲ್ಲ, ಆದರೆ ಮಾಲ್ಕಮ್ ಅವರ ಮಾತು ಕೇಳುತ್ತಿದ್ದ, ತನ್ನ ಜನರ ಇತಿಹಾಸದ ಪುಸ್ತಕಗಳನ್ನು ಹುಡುಕಿ ಓದುತ್ತಿದ್ದ. ಇಲ್ಲೊಂದು ಸ್ಪಷ್ಟನೆ ಅಗತ್ಯ. ಆಗ ಮಾಲ್ಕಮ್ ಮತ್ತು ಅಲಿ ಇದ್ದ ನೇಷನ್ ಆಫ್ ಇಸ್ಲಾಂ ಎಂಬ ಸಂಘಟನೆಯ ನಂಬಿಕೆಗಳು ನಾವು ತಿಳಿದ ಇಸ್ಲಾಮಿನವಲ್ಲ. ಮಾಲ್ಕಮ್ ಮಾರ್ಚಿನಲ್ಲಿ ಅದರಿಂದ ಹೊರಬಂದು ಏಪ್ರಿಲಿನಲ್ಲಿ ಹಜ್‌ಗೆ ಹೋದರು. ಅಲಿ 1975ರಲ್ಲಿ ಸುನ್ನಿ ಮಾರ್ಗಕ್ಕೆ ಬಂದರು. ಇನ್ನು ಆ ಮಾರ್ಚಿನಲ್ಲಿ ಸ್ಯಾಮ್ ಅಲಿಯನ್ನು ಸ್ಟುಡಿಯೋಗೆ ಕರೆದೊಯ್ದು ಒಂದು ಹಾಡು ಹಾಡಿಸಿದ. ಕೇಳಿದ್ದೇನೆ. ಅಲಿ ಬಾಕ್ಸಿಂಗಿನಲ್ಲೇ ಉಳಿದದ್ದು ಒಳ್ಳೆಯದಾಯಿತು.

1964ರ ಡಿಸೆಂಬರ್ 11ರ ನಸುಕಿನಲ್ಲಿ ಲಾಸ್ ಏಂಜಲಿಸ್‌ನ ಅಗ್ಗದ ಮೋಟೆಲೊಂದರಲ್ಲಿ ಸ್ಯಾಮ್ ಗುಂಡಿಗೆ ಬಲಿಯಾದ. ಇದನ್ನು ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಹೇಗೆ ಬರೆಯಲಿ ಎಂದು ಯೋಚಿಸಿದೆ, ಬಿಟ್ಟುಬಿಡುವುದು ಸುಳ್ಳಾಗುತ್ತದೆ. ಆತ ಅಲ್ಲಿಗೆ ಬಂದದ್ದು ಹೆಂಡತಿಯಲ್ಲದ ಹೆಂಗಸೊಬ್ಬಳ ಜೊತೆ. ಅವಳು ಆತನ ಬಟ್ಟೆ ಎತ್ತಿಕೊಂಡು ಓಡಿದಳು. ಅವಳನ್ನು ಹುಡುಕುತ್ತ ಆತ ಮೋಟೆಲಿನ ಮ್ಯಾನೇಜರ್ ಹೆಂಗಸಿನ ಬಾಗಿಲು ಒಡೆದ. ಜಗಳದಲ್ಲಿ ಆಕೆ ಗುಂಡು ಹಾರಿಸಿದಳು. ಆತ್ಮರಕ್ಷಣೆ ಎಂದು ತನಿಖೆ ಕೆಲವೇ ದಿನಗಳಲ್ಲಿ ಮುಗಿಯಿತು. ಕುಟುಂಬದವರು ಇದನ್ನು ಎಂದೂ ಒಪ್ಪಲಿಲ್ಲ. ಸತ್ತವನು ಬಿಳಿಯ ತಾರೆಯಾಗಿದ್ದರೆ ತನಿಖೆ ಹೀಗೆ ನಡೆಯುತ್ತಿರಲಿಲ್ಲವೆಂದು ಅಲಿ ಸಿಟ್ಟಾದರು. ಸ್ಯಾಮ್ ಸಂತನಲ್ಲ, ಸಂಸಾರದಲ್ಲಿ ಆತನ ನಡತೆ ಹೊಗಳುವಂಥದ್ದಲ್ಲ. ಹಾಗೆಂದು ಆತನ ಸಾವಿಗೆ ಸರಿಯಾದ ವಿಚಾರಣೆ ಬೇಕಿರಲಿಲ್ಲ ಎಂದಾಗುವುದಿಲ್ಲ. ಶಿಕಾಗೋದಲ್ಲಿ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಅಂತಿಮ ದರ್ಶನಕ್ಕೆ ನಿಂತರು. ಲಾಸ್ ಏಂಜಲಿಸ್‌ನ ಪ್ರಾರ್ಥನೆಯಲ್ಲಿ ರೇ ಚಾರ್ಲ್ಸ್ ಹಾಡಿದ. ಅಲ್ಲಿಂದ 72ನೇ ದಿನಕ್ಕೆ ಮಾಲ್ಕಮ್ ಎಕ್ಸ್ ಅವರೂ ಗುಂಡಿಗೆ ಬಲಿಯಾದರು. ಐಸ್ ಕ್ರೀಮ್ ತಿಂದ ನಾಲ್ವರಲ್ಲಿ ಇಬ್ಬರು ಒಂದು ವರ್ಷದೊಳಗೆ ಇಲ್ಲವಾಗಿದ್ದರು.

ಡಿಸೆಂಬರ್ 22ಕ್ಕೆ 'ಎ ಚೇಂಜ್ ಈಸ್ ಗಾನಾ ಕಮ್' ತಟ್ಟೆಯಾಗಿ ಹೊರಬಂತು. ಅದೂ ಹಿಂಬದಿಯಲ್ಲಿ, ಮುಂಬದಿಯಲ್ಲಿ ಇದ್ದದ್ದು 'ಶೇಕ್' ಎಂಬ ಕುಣಿತದ ಹಾಡು. ಸಿನಿಮಾ ಮಂದಿರದ ಆ ಚರಣವನ್ನು ಕತ್ತರಿಸಿಯೇ ಮಾರಿದರು. ಆದರೂ ಅದು ಚಳವಳಿಯವರ ಹಾಡಾಯಿತು. ಓಟಿಸ್ ರೆಡಿಂಗ್ 1965ರ ತನ್ನ ಒಂದೇ ಆಲ್ಬಂನಲ್ಲಿ ಸ್ಯಾಮ್‌ನ ಮೂರು ಹಾಡುಗಳನ್ನು ಹಾಡಿದ, ಇದೂ ಅದರಲ್ಲೊಂದು. 1967ರಲ್ಲಿ ಅರೀಥಾ ಹಾಡಿದಳು. ಸ್ಪೈಕ್ ಲೀ ಅವರ 'ಮಾಲ್ಕಮ್ ಎಕ್ಸ್' ಸಿನಿಮಾದಲ್ಲಿ ಮಾಲ್ಕಮ್ ತಮ್ಮ ಕೊನೆಯ ಭಾಷಣಕ್ಕೆ ಹೊರಟಾಗ ಹಿನ್ನೆಲೆಯಲ್ಲಿ ಕೇಳುವುದು ಇದೇ ದನಿ. 1986ರಲ್ಲಿ ರಾಕ್ ಸಂಗೀತದ ಗೌರವ ಮಂದಿರಕ್ಕೆ ಆರಿಸಿದ ಮೊದಲ ತಂಡದಲ್ಲೇ ಸ್ಯಾಮ್ ಇದ್ದ. 2009ರ ಜನವರಿಯಲ್ಲಿ ಬರಾಕ್ ಒಬಾಮ ಅಧಿಕಾರ ವಹಿಸಿಕೊಳ್ಳುವ ಮುನ್ನ ಲಿಂಕನ್ ಸ್ಮಾರಕದ ಎದುರು ಲಕ್ಷಾಂತರ ಜನರ ಮುಂದೆ ಈ ಹಾಡನ್ನು ಹಾಡಿದರು.

ಶ್ರೀವ್‌ಪೋರ್ಟ್ ನಗರ 2019ರಲ್ಲಿ ಸ್ಯಾಮ್‌ನ ಕುಟುಂಬದ ಕ್ಷಮೆ ಕೇಳಿತು. ಕೇಳಿದವರು ಅಂದಿನ ಮೇಯರ್ ಏಡ್ರಿಯನ್ ಪರ್ಕಿನ್ಸ್, ಅವರೂ ಕಪ್ಪು ಜನಾಂಗದವರೇ. ನಗರದ ಗೌರವದ ಕೀಲಿಕೈಯನ್ನು ಸ್ಯಾಮ್‌ನ ಹೆಸರಿನಲ್ಲಿ ಅವನ ಮಗಳ ಕೈಗೆ ಕೊಟ್ಟರು. ರೂಮ್ ಕೊಡದೆ ಕಳಿಸಿ ಆಗಲೇ 56 ವರ್ಷವಾಗಿತ್ತು.